ಬಾಳಕ್ಕನ ನಾಲ್ಕು ನಿಮಿಷ

ಕೊರೋಚಿಯ ಬಾಳಕ್ಕನ ಮನೆಯಿಂದ ಮೂವತ್ತೈದು ವರ್ಷ ಉಪ್ಪಿನಕಾಯಿಯ ಹುಳಿವಾಸನೆ ಬಂತು. ಉಪ್ಪಿನಕಾಯಿಯ ಒಂದು ಹೋಳೂ ಯಾರಿಗೂ ಸಿಗಲಿಲ್ಲ. ಓಣಿಯ ಮೂರು ತಲೆಮಾರು ಬಟ್ಟಲು ಹಿಡಿದು ಬಂದು, ಖಾಲಿ ಬಟ್ಟಲು ಹಿಡಿದೇ ತಿರುಗಿದವು. ಆಕೆಯ ಜಿಪುಣತನದ ಕೀರ್ತಿ ಕಾಗಲದ ಟ್ರಕ್ ಡ್ರೈವರುಗಳ ಬಾಯಿ ಹಿಡಿದು ಮುಂಬಯಿ ಮುಟ್ಟಿ, ಅಲ್ಲಿಂದ ಹಡಗು ಹತ್ತಿತ್ತು ಎನ್ನುತ್ತಾರೆ. ಬಾಳಕ್ಕ ತಿದ್ದಲಿಕ್ಕೆ ಹೋಗಲಿಲ್ಲ. ನಾರುತ್ತಿದ್ದುದು ಮಂಚದ ಕೆಳಗಿನ ತಗಡಿನ ಟ್ರಂಕು. ಅದರಲ್ಲಿ ಇದ್ದದ್ದು ಒಂದು ಸಿನಿಮಾ. ಹಳೇ ಫಿಲ್ಮು ಕೆಡತೊಡಗಿದರೆ ಥೇಟ್ ಹಾಗೆಯೇ ಹುಳಿ ನಾರುತ್ತದೆ.

ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಆಕೆ ವಹಿಫಣಿಯ ಬಾಳಕ್ಕ. ಬೀಮಿನ, ಅಂದರೆ ಹಾಸು ಸುತ್ತಿದ ಉರುಳೆಯ, ನೂಲು ಮುಗಿದಾಗ ಹೊಸ ಬೀಮಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಬೂದಿ ಸವರಿ, ಬೆರಳಿನಿಂದ ಹೊಸೆದು, ಒಂದೊಂದಾಗಿ ಕೂಡಿಸುವುದು ವಹಿಫಣಿ ಕೆಲಸ. ಎರಡೂವರೆ ಸಾವಿರ ಎಳೆ ಇದ್ದರೆ ಎರಡೂವರೆ ಸಾವಿರ ಸಲ ಹೊಸೆಯಬೇಕು. ಒಂದು ತಪ್ಪಿದರೂ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅದು ಗಂಡಸರ ಕೆಲಸ ಎನ್ನುವ ಕಾಲ. ಗಂಡ ಸತ್ಯಪ್ಪ ತೀರಿಕೊಂಡು ದಿನಕರ್ಮ ಮುಗಿದ ಮರುದಿನವೇ ಬಾಳಕ್ಕ ಅವನು ಎಳೆಗೆ ಸವರುತ್ತಿದ್ದ ಬೂದಿಯ ಡಬ್ಬಿ ಎತ್ತಿಕೊಂಡು ಹೋಗಿ ಅವನ ಜಾಗದಲ್ಲಿ ಕೂತಳು.

"ಬಾಯಿ, ಇದು ಹೆಂಗಸರ ಕೆಲಸ ಅಲ್ಲ," ಎಂದ ಶೆಡ್ಡಿನ ಉಸ್ತುವಾರಿಯ ಮುಕಾದಮ.

"ಎಳಿಗೆ ತಿಳಿತೈತೇನ್ರಿ, ಹೊಸಿಯೋ ಬಟ್ಟು ಗಂಡಿಂದೋ ಹೆಣ್ಣಿಂದೋ ಅಂತ?"

ಮುಕಾದಮ ಉತ್ತರ ಹುಡುಕುತ್ತ ಹೋದವನು ಇನ್ನೂ ಬಂದಿಲ್ಲ. ಆಕೆ ಕೂಡಿಸಿದ ಎಳೆಗೆ ಎಮ್ಮೆ ಕಟ್ಟಿದರೂ ಹರಿಯದು ಎಂಬ ಮಾತು ಆಮೇಲೆ ಹುಟ್ಟಿತು. ಎಮ್ಮೆ ಕಟ್ಟಿ ನೋಡಿದವರೂ ಇದ್ದಾರಂತೆ.

ಸಿನಿಮಾದ ಕತೆ ಅದಕ್ಕಿಂತ ಹಿಂದಿನದು. ಬಾಳಕ್ಕನಿಗೆ ಆಗ ಇಪ್ಪತ್ತಮೂರು. ಅದೇ ಶೆಡ್ಡಿನಲ್ಲಿ ಲಾಳಿಗೆ ನೂಲು ಸುತ್ತುತ್ತಿದ್ದಳು. ದಿನ ತುಂಬಿತ್ತು. ಹಾಡಹಗಲು ಹೆರಿಗೆಯ ಬ್ಯಾನಿ ಎದ್ದವು. ಇಪ್ಪತ್ನಾಲ್ಕು ಮಗ್ಗಗಳಲ್ಲಿ ಒಂದನ್ನೂ ನಿಲ್ಲಿಸಲಿಲ್ಲ. ಬೀಮುಗಳ ಹಿಂದೆ, ಹತ್ತಿಯ ಕಸದ ರಾಶಿಯ ಮೇಲೆ ಆಕೆ ಮಾಲೀಕನನ್ನೂ ಮುಕಾದಮನನ್ನೂ ಮುಕ್ಕೋಟಿ ದೇವರನ್ನೂ ಕನ್ನಡ ಮರಾಠಿ ಎರಡರಲ್ಲೂ ಬೈಯುತ್ತ ಹೆತ್ತಳು. ಆ ಖಟಖಟದಲ್ಲಿ ಬೈಗಳು ದೇವರಿಗೂ ಕೇಳಲಿಲ್ಲ. ಕೇಳಿದ್ದು ಒಬ್ಬನಿಗೆ: ಕಿಟಕಿಯ ಹೊರಗೆ ಏಣಿ ಹತ್ತಿ ಶೆಡ್ಡಿನ ಹೆಸರು ಬರೆಯುತ್ತಿದ್ದ ಕೊಲ್ಲಾಪುರದ ಪೇಂಟರ್ ಮಲ್ಲಾರಿಗೆ. ಅವನು ಏಣಿಯಿಂದ ಬಿದ್ದೇ ಇಳಿದು, ಕುಂಟುತ್ತ ಓಡಿ ಸೂಲಗಿತ್ತಿಯನ್ನು ಕರೆತಂದ. ಹುಟ್ಟಿದವಳೇ ಮನೀಷಾ.

ಸಿನಿಮಾ ಪೋಸ್ಟರುಗಳಲ್ಲಿ ನಾಯಕರ ಮೀಸೆ ಬರೆದೇ ಅರ್ಧ ಆಯುಷ್ಯ ಕಳೆದಿದ್ದ ಮಲ್ಲಾರಿ, ಆ ದಿನದಿಂದ ಏಳು ವರ್ಷ ಬೇರೇನನ್ನೂ ಬರೆಯಲಿಲ್ಲ. ದವಾಖಾನೆಗಳು ಎಸೆದ ಎಕ್ಸ್‌ರೇ ಹಾಳೆಗಳನ್ನು ಸೋಡಾದಲ್ಲಿ ತೊಳೆದು ಪಾರದರ್ಶಕ ಮಾಡಿಕೊಂಡು, ಅವುಗಳ ಮೇಲೆ ಚಿತ್ರ ಬಿಡಿಸಿ, ಒಂದೊಂದನ್ನೇ ಕ್ಯಾಮೆರಾಕ್ಕೆ ತೋರಿಸಿ ನಡೆದಾಡುವ ಗೊಂಬೆಗಳ ಸಿನಿಮಾ ಮಾಡಿದ. ಸರಿಯಾಗಿ ತೊಳೆಯದ ಕಡೆ ಹಳೇ ಎಲುಬು ಉಳಿದಿದ್ದವು. ಮಾಲೀಕನ ಹೊಟ್ಟೆಯೊಳಗೆ ಗಡಹಿಂಗ್ಲಜದ ಯಾರದೋ ಮುರಿದ ಮೊಣಕೈ ಕಾಣುತ್ತಿತ್ತು. ಹೆಸರು 'ಮಗ್ಗದ ಬಾಣಂತಿ'. ಅದರಲ್ಲಿ ನಾಲ್ಕು ನಿಮಿಷ, ಬಾಳಕ್ಕನ ಹೆರಿಗೆ. ಕೂಸಿನ ಹೊಕ್ಕುಳಬಳ್ಳಿ ಉದ್ದವಾಗುತ್ತ ಹೋಗಿ ಮಗ್ಗಕ್ಕೆ ಸೇರುತ್ತದೆ, ಬಟ್ಟೆಯಾಗುತ್ತದೆ, ಊರಿನವರೆಲ್ಲ ಅದನ್ನೇ ಉಟ್ಟು ಮೆರೆಯುತ್ತಾರೆ. ತಾಯಿ ಬೈಯುತ್ತಲೇ ಇರುತ್ತಾಳೆ. ನಮ್ಮ ಕಡೆ ಗೊಂಬೆ ಸಿನಿಮಾದಲ್ಲಿ ದೊಡ್ಡವರ ಬದುಕನ್ನು ಅದಕ್ಕೂ ಮುಂಚೆ ಯಾರೂ ತೋರಿಸಿರಲಿಲ್ಲ.

ಸೆನ್ಸಾರಿನವರು 'ವಯಸ್ಕರಿಗೆ ಮಾತ್ರ' ಎಂದು ಮುದ್ರೆ ಒತ್ತಿದರು. ಸಿನಿಮಾ ಮೊದಲು ಬಂದದ್ದು ಗಡಹಿಂಗ್ಲಜದ ಟಾಕೀಜಿಗೆ. ಆದರೆ ಗೊಂಬೆ ಎಂದ ಮೇಲೆ ಮಕ್ಕಳಿಗೇ ಎಂಬುದು ಅಲ್ಲಿಯ ಜನರ ಅಚಲ ನಂಬಿಕೆ. ಟಾಕೀಜಿನ ಮ್ಯಾನೇಜರನೂ ಅದೇ ಊರಿನವನು. ಮೊದಲ ಆಟಕ್ಕೆ ಚುರಮುರಿ ಕಟ್ಟಿಕೊಂಡು, ತೊಟ್ಟಿಲ ಕೂಸು ಸಮೇತ ಊರೇ ಬಂತು. ಹೆರಿಗೆ ಶುರುವಾದ ಕ್ಷಣ ನಾನೂರು ಅಪ್ಪಂದಿರು ಎಂಟುನೂರು ಕೈಗಳಿಂದ ಮಕ್ಕಳ ಕಣ್ಣು ಮುಚ್ಚಿ, ತಮ್ಮ ಕಣ್ಣು ಮಾತ್ರ ಬಿಟ್ಟುಕೊಂಡು, ಹೊರಗೆ ಓಡಿದರು. ಆಮೇಲೆ ನಾಲ್ಕು ಜನ ವಾಪಸು ಬಂದು, ಇದ್ದ ಒಂದೇ ಪ್ರತಿ ಫಿಲ್ಮನ್ನೂ ಹರಿದು ಚೆಲ್ಲಿದರು.

ಪ್ರೊಜೆಕ್ಟರ್ ಓಡಿಸುತ್ತಿದ್ದ ಧೋಂಡಿಬಾ ತುಂಡುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಸ್ಸು ಹತ್ತಿ ಕೊರೋಚಿಗೆ ಬಂದ. "ಮಲ್ಲಾರಿ ಹಾಸಿಗಿ ಹಿಡದಾನ. 'ಹರದದ್ದು ಕೂಡಸಾಕಿ ಬಾಳಕ್ಕ ಒಬ್ಬಾಕಿನ' ಅಂದಾನ," ಎಂದ. ಬಾಳಕ್ಕ ಚೀಲ ಬಿಚ್ಚಿ, ಬೂದಿ ಹಚ್ಚಿ, ಮೊದಲ ಎರಡು ತುಂಡುಗಳನ್ನು ನೂಲಿನಂತೆಯೇ ಹೊಸೆದಳು. ಧೋಂಡಿಬಾ ಎದೆ ಬಡಿದುಕೊಂಡ. "ಅಯ್ಯೋ ವೈನಿ, ಅದೇನು ದಾರ ಏನು? ಕೆರದು ಅಂಟಸಬೇಕು!" ಕೆರೆದು ಅಂಟಿಸುವುದನ್ನು ಅವನು ಒಂದು ಮಧ್ಯಾಹ್ನದಲ್ಲಿ ಕಲಿಸಿದ, ಆಕೆ ನಾಲ್ಕು ತಿಂಗಳಲ್ಲಿ ಎಲ್ಲ ಮುಗಿಸಿದಳು. ಹೆರಿಗೆಯ ಭಾಗದಲ್ಲಿ ಐದು ಸಾವಿರದ ಏಳುನೂರಾ ಅರವತ್ತು ಚಿತ್ರ. ಎಣಿಸಿದಳು, ಒಂದೂ ಕಡಿಮೆ ಇರಲಿಲ್ಲ. ಅಷ್ಟರಲ್ಲಿ ಮಲ್ಲಾರಿ ಹೋಗಿಬಿಟ್ಟಿದ್ದ. ವರ್ಷಕ್ಕೊಮ್ಮೆ ನೆರಳಲ್ಲಿ ಬಿಚ್ಚಿ, ಗಾಳಿಯಾಡಿಸಿ, ಮತ್ತೆ ಸುತ್ತಿಡುವುದು ಆಕೆಯ ವ್ರತವಾಯಿತು.

ಮೊನ್ನೆ ಮೊನ್ನೆ, ಚಂದಗಡದ ದವಾಖಾನೆಯಲ್ಲಿ ನರ್ಸ್ ಆಗಿರುವ ಮನೀಷಾ ಟ್ರಂಕು ತೆಗೆದು ಮೂಗು ಮುಚ್ಚಿಕೊಂಡಳು. ಬಲ್ಲವರನ್ನು ಕೇಳಿದಳು. ಫಿಲ್ಮು ಇನ್ನೆರಡು ಮಳೆಗಾಲಕ್ಕಿಂತ ಹೆಚ್ಚು ತಡೆಯಲಾರದು, ಬೇಗ ನಕಲು ತೆಗೆಸಿ ಎಂದರು. ಆಕೆಯೇ ಕೊಲ್ಲಾಪುರದ ಪರಂಪರೆ ಉಳಿಸುವ ಸಮಿತಿಗೆ ಬರೆದಳು. ಅಧ್ಯಕ್ಷ ಬಾಳಾಸಾಹೇಬ ತಾಯಿ-ಮಗಳನ್ನು ಟ್ರಂಕಿನ ಸಮೇತ ಕರೆಸಿ, ಹೆಗಲ ಮೇಲೆ ಹೊದ್ದ ಬೆಳ್ಳಗಿನ ಉಪರಣೆ ಸರಿಪಡಿಸಿಕೊಂಡು ಹೇಳಿದ: "ಮಾವಶಿ, ತುಮ್ಚಾ ಪಿಕ್ಚರ್ ಏಕ್ ನಂಬರ್! ನಮ್ಮ ಸಂಸ್ಕೃತಿ ಅದು. ನಾವು ಉಳಸ್ತೇವಿ. ಆ ನಾಲ್ಕ ಮಿನಿಟ್ ಅಷ್ಟ ತಗದುಬಿಡೂಣು. ಮನಿಮಂದಿ ಕೂತು ನೋಡಾಂಗ ಆಗಬೇಕಲ್ರಿ?"

"ನೀವು ನೋಡೀರೇನ್ರಿ ಅದನ್ನ?"

ಬಾಳಾಸಾಹೇಬ ಕೆಮ್ಮಿದ. "ನಾ ಗಡಹಿಂಗ್ಲಜದಾಂವ. ಆವತ್ತ ಟಾಕೀಜಿನ್ಯಾಗ ಇದ್ನಿ. ಎಂಟ ವರ್ಷದಾಂವ. ನಮ್ಮಪ್ಪ ಕಣ್ಣ ಮುಚ್ಚಿ ಹೊತಗೊಂಡ ಓಡಿದ."

"ಹಂಗಾದ್ರ ನಿಮ್ಮಪ್ಪನ ಕೈ ಇನ್ನೂ ನಿಮ್ಮ ಕಣ್ಣ ಮ್ಯಾಲ ಐತಿ."

ಮನೀಷಾ ತಾಯಿಯ ಸೆರಗು ಜಗ್ಗಿದಳು. "ಅವ್ವಾ, ಹೋದ್ರ ಹೋಗ್ಲಿ ಬಿಡ. ಉಳಿದದ್ದರೆ ಉಳಿತೈತಿ. ನಾ ಹ್ಯಾಂಗ ಹುಟ್ಟಿದ್ನಿ ಅನ್ನೂದು ಊರ ಮಂದಿ ಯಾಕ ನೋಡಬೇಕು?"

"ನೀ ಹುಟ್ಟಿದ್ದ ಆ ನಾಲ್ಕ ಮಿನಿಟಿನ್ಯಾಗ. ಅದನ್ನ ತಗದ್ರ ನೀ ಎಲ್ಲಿಂದ ಬಂದಿ? ಕಾಗಲ ಸ್ಟ್ಯಾಂಡಿನ್ಯಾಗ ಸಿಕ್ಕಿ? ದಿನಾ ಹತ್ತ ಹೆರಿಗಿ ಮಾಡಸ್ತಿ, ನಿಂದಕ್ಕ ನಾಚತಿ?"

ಹಾಗೆನ್ನುತ್ತ ಬಾಳಕ್ಕ ಅಧ್ಯಕ್ಷರ ಹೆಗಲಿನ ಉಪರಣೆಯ ತುದಿ ಹಿಡಿದು, ಒಂದೇ ಒಂದು ಎಳೆ ಆರಿಸಿ, ಗೇಣುದ್ದ ಎಳೆದಳು. ಬಟ್ಟೆಯಲ್ಲಿ ಗೆರೆ ಮೂಡಿತು. "ನೋಡ್ರಿ. ಒಂದ ಎಳಿ. ಇನ್ನ ಇದನ್ನ ಹೊತಗೊಂಡು ಸಭಾಕ್ಕ ಹೋಗ್ರಿ. ಪೂರ್ತಿ ತಗೋತೀರಿ, ಇಲ್ಲಂದ್ರ ನನ್ನ ಟ್ರಂಕಿನ್ಯಾಗ ಪೂರ್ತಿ ಸಾಯಲಿ. ಅರ್ಧಾ ಕೊಡಂಗಿಲ್ಲ."

ಟ್ರಂಕು ತಿರುಗಿ ಬಸ್ಸು ಹತ್ತಿತು. ದಾರಿಯುದ್ದಕ್ಕೂ ಬಸ್ಸಿನವರು ಉಪ್ಪಿನಕಾಯಿ ಕೇಳಿದರು. ಉಳಿದದ್ದು ಎರಡೇ ಮಳೆಗಾಲ ಎಂಬುದು ಬಾಳಕ್ಕನಿಗೂ ಗೊತ್ತಿತ್ತು. ಆ ರಾತ್ರಿ ಉಣ್ಣಲಿಲ್ಲ. ಬೆಳಗ್ಗೆ ಎದ್ದವಳೇ ಗಡಹಿಂಗ್ಲಜಕ್ಕೆ ಫೋನ್ ಹಚ್ಚಿದಳು. "ಧೋಂಡಿಬಾ, ನಿನ್ನ ಮಶೀನು ಜೀವಂತ ಐತೇನು?"

"ನನಗಿಂತ ಚಲೋ ಐತಿ."

"ಬುಧವಾರ ಮಧ್ಯಾಹ್ನ ಹಳೇ ಶೆಡ್ಡಿಗೆ ತಗೊಂಡ ಬಾ."

ಬುಧವಾರ ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ, ಅದೇ ಶೆಡ್ಡಿನ, ಇನ್ನೂ ಬಣ್ಣ ಕಾಣದ ಹಸಿಬಟ್ಟೆಯನ್ನು ಪರದೆಯಾಗಿ ಗೋಡೆಗೆ ಎಳೆದರು. ಬಾಳಾಸಾಹೇಬನಿಗೂ ಕರೆ ಹೋಗಿತ್ತು; ಬಂದು ಹಿಂದೆ ನಿಂತ. ಮಗ್ಗಗಳು ಮಾತ್ರ ಖಟಖಟ ಎನ್ನುತ್ತಲೇ ಇದ್ದವು. ಹೊಸ ಮುಕಾದಮ ಅಡ್ಡ ಬಂದ: "ಸಿನಿಮಾಕ್ಕ ಮಗ್ಗ ನಿಲ್ಲಸಾಕ ಬರೂದಿಲ್ಲ ಮಾವಶಿ. ಮಾಲೀಕರಿಗೆ ಯಾರು ಜವಾಬ ಕೊಡೂದು?"

"ನಾನು. ಆವತ್ತ ನಾ ಹಡಿಯೂ ಮುಂದ ಒಂದೂ ನಿಲ್ಲಲಿಲ್ಲ. ಇವತ್ತ ನಿಲ್ಲಬೇಕು."

ಮೊದಲನೇ ಮಗ್ಗದ ಹಿಡಿಕೆಯನ್ನು ಆಕೆಯೇ ಎಳೆದಳು. ಎರಡನೆಯದನ್ನು ಎಳೆದವಳು ಮನೀಷಾ. ಉಳಿದವನ್ನು ಕೆಲಸಗಾರರು ಒಬ್ಬೊಬ್ಬರಾಗಿ ಎಳೆದರು. ಇಪ್ಪತ್ನಾಲ್ಕೂ ನಿಂತಾಗ ಎಂಥ ಮೌನವೆಂದರೆ, ಹಾತಕಣಂಗಲೆ ಸ್ಟೇಷನ್ನಿನಲ್ಲಿ ಟಿಕೀಟು ಹರಿದ ಸದ್ದು ಇಲ್ಲಿ ಕೇಳಿಸಿತಂತೆ.

ಗೊಂಬೆ ಬಾಳಕ್ಕ ಹೆತ್ತಳು. ಬೈಗಳು ಈ ಸಲ ಅಕ್ಷರ ಅಕ್ಷರವಾಗಿ ಕೇಳಿದವು. ನಲವತ್ತೆರಡು ವರ್ಷ ತಡವಾಗಿ, ಅದೇ ಗೋಡೆಗಳಿಗೆ. ಹಿಂದೆ ನಿಂತಿದ್ದ ಬಾಳಾಸಾಹೇಬನ ಕೈ ತಾನಾಗಿಯೇ ಕಣ್ಣಿಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಇಳಿಯಿತು. ಬಳ್ಳಿ ನೂಲಾಗಿ, ನೂಲು ಬಟ್ಟೆಯಾಗಿ, ಬಟ್ಟೆ ಊರಿನ ಮೈಮೇಲೆ ಬಂದಾಗ ಅವನು ತನ್ನ ಉಪರಣೆಯನ್ನು ಮುಟ್ಟಿ ನೋಡಿಕೊಂಡ. ಅದೇ ಗೆರೆ ಬಿದ್ದ ಉಪರಣೆ.

ವಾರದೊಳಗೆ ಸಮಿತಿಯ ಕಾಗದ ಬಂತು: ಪೂರ್ತಿ ಉಳಿಸುತ್ತೇವೆ, ಒಂದು ಚಿತ್ರವನ್ನೂ ತೆಗೆಯುವುದಿಲ್ಲ. ಬಾಳಕ್ಕ ಎರಡು ಸಲ ಓದಿಸಿಕೊಂಡು, ಟ್ರಂಕಿನ ಜೊತೆ ತಾನೂ ಕೊಲ್ಲಾಪುರಕ್ಕೆ ಹೋಗಿ, ನಕಲು ತೆಗೆಯುವ ಯಂತ್ರದ ಪಕ್ಕ ಬುತ್ತಿ ಇಟ್ಟುಕೊಂಡು ಕೂತಳು. ತುಟಿ ಅಲ್ಲಾಡುತ್ತಿದ್ದವು.

"ಮಾವಶಿ, ನೀವ್ಯಾಕ ತ್ರಾಸ ತಗೋತೀರಿ?" ಎಂದ ಯಂತ್ರದವನು. "ಮಶೀನು ತಾನ ಎಣಸತೈತಿ."

"ಎಣಸ್ಲಿ," ಎಂದಳು ಬಾಳಕ್ಕ. "ಅದು ತಪ್ಪಿದ್ರ ನಾ ಹೇಳ್ತೇನಿ."