ನಡುಗಡ್ಡೆಯ ಮೂಗು

ನಾನು ಚಿಕ್ಕವಳಿದ್ದಾಗ ನಮಗಿದ್ದ ಒಂದೇ ಹೊಲ ಹೊಳೆಯ ನಡುವೆ ಇತ್ತು. ಹೊನ್ನಾಳಿಯ ಹತ್ತಿರ ತುಂಗಭದ್ರೆ ಎರಡು ಸೀಳಾಗಿ ಒಂದು ನಡುಗಡ್ಡೆಯನ್ನು ಬಳಸಿ ಹೋಗುತ್ತಿದ್ದಳು. ಅದರ ಒಂದು ತುದಿ ಹೊಳೆಯೊಳಕ್ಕೆ ಚಾಚಿಕೊಂಡು, ಎರಡಾಳೆತ್ತರದ ಮಣ್ಣಿನ ಗೋಡೆಯಂತೆ ನಿಂತಿತ್ತು. ಅದನ್ನು ನಾವು ಮೂಗು ಎನ್ನುತ್ತಿದ್ದೆವು. ಆ ಮೂಗಿನ ಮೇಲೆ ಅವ್ವನ ಸಮಾಧಿ ಇತ್ತು. ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ನಮ್ಮ ಪದ್ಧತಿ.

ಅವ್ವ ಹೋದಾಗ ಸಮಾಧಿಯಿಂದ ಅಂಚಿಗೆ ಇಪ್ಪತ್ತು ಹೆಜ್ಜೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕೇ ಉಳಿದವು. ಅಷ್ಟುದ್ದದ ಹೊಳೆಗೆ ತಿನ್ನಲು ನಮ್ಮವ್ವನ ಜಾಗವೇ ಬೇಕಾಗಿತ್ತೇ?

ಆ ವರ್ಷ ಮುಂಗಾರಿನ ಕೆಂಪು ನೀರು ಬಂದ ಬೆಳಿಗ್ಗೆಯೇ ಅಪ್ಪ ಹರಿಗೋಲಿಗೆ ಕಲ್ಲು ತುಂಬಿಸಿದ. ಅಕ್ಕ ಮತ್ತು ನಾನು ಲಕ್ಕಿ ಕಡ್ಡಿಗಳ ಹೊರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆವು. ನೆಟ್ಟರೆ ಬೇರು ಬಿಟ್ಟು ಮಣ್ಣು ಹಿಡಿಯುವ ಗಿಡ ಅದು. ಅದರ ಒಗರು ವಾಸನೆ ಮೂಗಿಗೆ ಹತ್ತಿ ನನಗೆ ತಲೆ ಸುತ್ತುತ್ತಿತ್ತು.

"ಅಪ್ಪಾ, ಅವ್ವನ್ನ ತೆಗೆದು ಈ ದಡಕ್ಕೆ ತರಾಕೆ ಆಗಲ್ವಾ?" ಎಂದಳು ಅಕ್ಕ.

"ಮಣ್ಣಾಗಿಟ್ಟೋರನ್ನ ಎಬ್ಬಿಸಬಾರ್ದು ಕಣವ್ವ," ಎಂದ ಅಪ್ಪ.

ಹರಿಗೋಲು ಹಾಕುತ್ತಿದ್ದ ಅಂಬಿಗಜ್ಜ ಮೂಗಿನ ಬುಡ ತೋರಿಸಿದ. ಅಲ್ಲಿ ನೀರು ಒಳಕ್ಕೆ ನುಗ್ಗಿ ನುಗ್ಗಿ ಕೊರೆದಿತ್ತು. "ಅಡಿಯಾಗೆಲ್ಲ ಟೊಳ್ಳು ಐತ್ರಿ ಯಜಮಾನ್ರೇ. ಮ್ಯಾಲೆ ಭಾರ ಹಾಕಬ್ಯಾಡ್ರಿ."

"ಮತ್ತೆ ಕೈ ಕಟ್ಕಂಡು ನೋಡ್ತಾ ಕೂರ್ಲಾ?" ಎಂದ ಅಪ್ಪ. ಅಜ್ಜ ಹರಿಗೋಲನ್ನು ನಡುಗಡ್ಡೆಯ ತಗ್ಗಿನ ಬದಿಗೆ ತಿರುಗಿಸಿ ನಮ್ಮನ್ನು ಇಳಿಸಿದ.

ಅಪ್ಪ ಹುಟ್ಟಿದಾಗಿನಿಂದ ಹೊಲದ ಬದು ಕಟ್ಟಿದವನು. ಕಲ್ಲು ಪೇರಿಸಿ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ ಎಂಬುದಷ್ಟೇ ಅವನಿಗೆ ಗೊತ್ತಿದ್ದ ವಿದ್ಯೆ. ಅಂಚಿನುದ್ದಕ್ಕೂ ಕಲ್ಲು ಕಟ್ಟಿದ, ಸಂದಿಗೆ ಕಡ್ಡಿ ನೆಟ್ಟ, ಬರಿಗಾಲಲ್ಲಿ ತುಳಿದ. ನಾವೂ ತುಳಿದೆವು. ನನಗಂತೂ ಆಟವೇ ಆಗಿತ್ತು. ಜಿಗಿದು ಜಿಗಿದು ತುಳಿದೆ. ಅದನ್ನು ನೆನೆದರೆ ಈಗಲೂ ನನ್ನ ಕಾಲಿನ ಮೇಲೇ ನನಗೆ ಸಿಟ್ಟು ಬರುತ್ತದೆ.

ಮಧ್ಯಾಹ್ನ ಉಳಿದ ಕಲ್ಲು ತರಲು ಹರಿಗೋಲಿನ ಬಳಿ ಇಳಿದಿದ್ದೆವು. ಹಿಂದೆ ಧೊಪ್ಪೆಂದಿತು. ತಿರುಗಿದರೆ ಮೂಗೇ ಇರಲಿಲ್ಲ. ಕೆಂಪು ನೀರಿನ ಮೇಲೆ ಲಕ್ಕಿ ಕಡ್ಡಿಗಳು ತೇಲಿ ಹೋಗುತ್ತಿದ್ದವು. ಅಕ್ಕ "ಅವ್ವಾ" ಎಂದು ಚೀರಿದಳು. ಅಪ್ಪ ಅಳಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ಇಳಿಸುವುದನ್ನೂ ಮರೆತು ಈಚೆ ದಡದವರೆಗೂ ಹೊತ್ತುಕೊಂಡೇ ಕೂತಿದ್ದ. ಮುಂದಿನ ಮಳೆಗಾಲಗಳಲ್ಲಿ ಹೊಲವೂ ಹೋಯಿತು. ಅದಕ್ಕೆ ನಾವ್ಯಾರೂ ಅಷ್ಟು ಅಳಲಿಲ್ಲ.

ಮೊಮ್ಮಕ್ಕಳೇ, ಮೊನ್ನೆ ನೀವು ಶಾಲೆಯ ಪ್ರವಾಸದಲ್ಲಿ ಸಮುದ್ರ ನೋಡಿ ಬಂದಿರಿ. ಅಲೆ ಬಡಿದು ಬಂಡೆ ಸವೆಯಲು ಸಾವಿರಾರು ವರ್ಷ ಬೇಕೆಂದು ನನಗೆ ಪುಸ್ತಕ ತೋರಿಸಿದಿರಿ. ಇರಬಹುದು, ಅದು ಕಲ್ಲು. ನಮ್ಮ ಮಣ್ಣಿಗೆ ಒಂದು ಮಧ್ಯಾಹ್ನ ಸಾಕಾಯಿತು. ನಿಮಗೆ ಬೇಕೆಂದಾಗ ಕೂಗಿದರೆ ಅಡುಗೆಮನೆಯಿಂದ ಅಮ್ಮ ಓಗೊಡುತ್ತಾಳೆ. ನನಗೆ ಹಬ್ಬದ ದಿನ ಅವ್ವನಿಗೆ ಎಡೆ ಇಡಲು ಒಂದು ಹಿಡಿ ಜಾಗವೂ ಉಳಿಯಲಿಲ್ಲ. ಬಸ್ಸು ಹೊನ್ನಾಳಿ ಸೇತುವೆ ದಾಟುವಾಗ ನೀವೆಲ್ಲ ಹೊಳೆಗೆ ಕೈ ಮುಗಿಯುತ್ತೀರಿ, ಅಜ್ಜಿ ಯಾಕೆ ಮುಗಿಯುವುದಿಲ್ಲ ಎಂದು ಕೇಳುತ್ತೀರಿ.

ನೀವು ಮುಗಿಯಿರಿ. ನನಗೆ ಆಗುವುದಿಲ್ಲ.