ಬೋಂಡಾ ಆರಿದ ಗ್ರಾಮಸಭೆ

ಸ್ನೇಹಿತರೇ, ಇವತ್ತು ನಮ್ಮೂರ ಗ್ರಾಮಸಭೆಯಲ್ಲಿ ಬೋಂಡಾ ಆರಿಹೋಯಿತು.

ನಮ್ಮಲ್ಲಿ ಸಭೆಗೆ ಬಂದವರು ಮೊದಲು ನಡಾವಳಿ ಪುಸ್ತಕದ ಖಾಲಿ ಹಾಳೆಗೆ ಸಹಿ ಹಾಕಬೇಕು, ಆಮೇಲೆ ಬೋಂಡಾ. ಏನು ತೀರ್ಮಾನವಾಯಿತೆಂದು ನಾವೆಲ್ಲ ಮನೆಗೆ ಹೋದ ಮೇಲೆ ಪಂಚಾಯಿತಿ ಸೆಕ್ರೆಟರಿ ಸಾವಕಾಶವಾಗಿ ಬರೆದುಕೊಳ್ಳುತ್ತಾರೆ. ನಮ್ಮ ಗುಡ್ಡಕ್ಕೆ ಜಲ್ಲಿ ಕ್ರಷರ್ ಬೇಡವೆಂದು ನಾನು ಆರು ವರ್ಷದಿಂದ ಗಂಟಲು ಹರಿದುಕೊಂಡಿದ್ದೇನೆ. ಪುಸ್ತಕದಲ್ಲಿ ಅದರ ಒಂದು ಸಾಲೂ ಇಲ್ಲ.

ಇವತ್ತು ಪುಸ್ತಕ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಕಾವ್ಯಳ ಕೈಗೆ ಬಂತು. ಆಲೂರಿನಲ್ಲಿ ಡಿಗ್ರಿ ಓದುವ ಹುಡುಗಿ.

"ಮೊದ್ಲು ಕ್ರಷರ್ ಬ್ಯಾಡ ಅಂತ ಬರೀರಿ. ಆಮೇಲೆ ಸಹಿ," ಎಂದಳು. ಹಿಂದೆ ಕೂತಿದ್ದ ಅವಳ ಗೆಳೆಯ ಗೆಳತಿಯರೂ ಪೆನ್ನು ಮುಟ್ಟಲಿಲ್ಲ.

ಅಧ್ಯಕ್ಷೆಯ ಬದಲಿಗೆ ಯಾವಾಗಲೂ ತಾವೇ ಮಾತಾಡುವ ಅವರ ಗಂಡ ರೇಗಿದರು. "ಮೇಲಿನೋರೇ ಒಪ್ಕಂಡ್‌ಬುಟ್ಟವ್ರೆ ಕಣಮ್ಮ. ನಿಂಗೇನ್ ಗೊತ್ತೈತೆ?"

"ಚಿಕ್ಕಪ್ಪ, ಅಧ್ಯಕ್ಷರು ಚಿಕ್ಕಮ್ಮ ಅಲ್ವಾ? ಅವ್ರು ಹೇಳ್ಲಿ," ಎಂದಳು ಕಾವ್ಯ.

ಅಧ್ಯಕ್ಷೆ ಗಂಡನ ಮುಖ ನೋಡಲಿಲ್ಲ, ಬೋಂಡಾದ ತಟ್ಟೆ ನೋಡಿದರು. "ಬರ್ಕಳಿ ಸೆಕ್ರೆಟ್ರಿ. ಬೋಂಡಾ ಆರೋಯ್ತಾ ಐತೆ."

"ಬರುದ್ರೂ ಅಷ್ಟೇಯ, ಮೇಲೆ ಬಿಸಾಕ್ತಾರೆ," ಎಂದರು ಗಂಡ.

"ಬಿಸಾಕ್ಲಿ. ಮುಂದಿನ್ ಸಭೇಲಿ ಮತ್ತೆ ಬರೆಸ್ತೀವಿ," ಎಂದಳು ಕಾವ್ಯ.

ಆರು ವರ್ಷದಲ್ಲಿ ಮೊದಲ ಸಲ ನನಗೆ ಕೂಗುವ ಕೆಲಸವೇ ಇರಲಿಲ್ಲ. ಸೆಕ್ರೆಟರಿ ಬರೆಯಲು ಪುಸ್ತಕ ತೆರೆದರು. ಖಾಲಿ ಹಾಳೆಯ ಮೇಲೆ ಆಗಲೇ ಒಂದೇ ಒಂದು ಸಹಿ ಬಿದ್ದಿತ್ತು. ಬಂದು ಕೂತ ಕೂಡಲೇ ಅಭ್ಯಾಸಬಲದಿಂದ ಹಾಕಿದ್ದು. ಆರು ವರ್ಷದ ಹೋರಾಟಗಾರನಾದ ನನ್ನದೇ.