ಎಡಗೈ ಕಲಿಸಿದ್ದು

ಅಂಗಡಿಯವರಿಗೆಲ್ಲ ಅವಳು ಬ್ರೆಡ್ಡಕ್ಕ. ಬೆಳಕು ಹರಿಯುವ ಹೊತ್ತಿಗೆ ಬೇಕರಿಯ ಹಿಂಬಾಗಿಲಿಗೆ ಹೋಗಿ, ಇನ್ನೂ ಬಿಸಿ ಆರದ ಬ್ರೆಡ್ಡಿನ ಟ್ರೇಗಳನ್ನು ಹಗುರ ಮೈಯ ಒಂದು ಹಳೇ ಬೈಕಿನ ಹಿಂದೆ ಹಗ್ಗದಿಂದ ಬಿಗಿದು ಕಟ್ಟಿಕೊಂಡು, ಗಲ್ಲಿಗಲ್ಲಿಯ ಅಂಗಡಿಗಳಿಗೆ ಹಾಕಿ ಬರುವುದು ಅವಳ ಕೆಲಸ. ಮೊದಲಿನಿಂದ ಅವಳು ಬೈಕು ಓಡಿಸಿದವಳಲ್ಲ. ಬೈಕು ಗಂಡನದು. ಅವನು ಮೆಕ್ಯಾನಿಕ್. ರಸ್ತೆ ತಿರುವಿನಲ್ಲಿ ಕಡ್ಡಿ ಎಂಬ ಗೆಳೆಯನ ಜೊತೆ ಸೇರಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ಬೈಕು ರಿಪೇರಿ ಮಾಡುತ್ತಿದ್ದ. ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲಾಗಿದ್ದುದಕ್ಕೆ ಗೆಳೆಯನಿಗೆ ಆ ಹೆಸರು.

ಗಂಡನಿಗೆ ಲಕ್ವ ಹೊಡೆದದ್ದು ಶೆಡ್ಡಿನಲ್ಲೇ. ಯಾರದೋ ಇಂಜಿನ್ನಿನ ಮೇಲೆ ಬಗ್ಗಿದ್ದವನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದ, ಮತ್ತೆ ಬಿತ್ತು. "ಏನಣ್ಣ, ಬೆಳಬೆಳಗ್ಗೆ ಕೈ ನಿದ್ದೆ ಮಾಡ್ತಾ ಇದೆಯಾ?" ಎಂದು ಕಡ್ಡಿ ನಕ್ಕ. ಆ ನಗು ಮುಂದೆ ಅವನ ಗಂಟಲಲ್ಲೇ ಮುಳ್ಳಾಗಿ ಉಳಿಯಿತು. ಸಂಜೆಯ ಹೊತ್ತಿಗೆ ಮೆಕ್ಯಾನಿಕ್ಕಿನ ಬಲಗೈ, ಬಲಗಾಲು, ನಾಲಿಗೆ ಮೂರೂ ಹೋಗಿದ್ದವು.

ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆದ ಮೇಲೆ ಅವನ ಬಾಯಿಗೆ ಒಂದೇ ಒಂದು ಮಾತು ವಾಪಸ್ ಬಂತು: "ಅಲ್ಲ." ನೀರು ಬೇಕಾದರೂ ಅಲ್ಲ, ಬೇಡವಾದರೂ ಅಲ್ಲ. "ಚಿಕ್ಕವನಿದ್ದಾಗಲೂ ಹೀಗೇ ಇದ್ದ ಇವನು. ಅಮ್ಮಾ ಅನ್ನೋ ಮೊದಲು ಬೇಡ ಅನ್ನೋದು ಕಲಿತ," ಎಂದು ಅತ್ತೆ ಸೊಸೆಯ ಮುಂದೆ ಹೇಳಿ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಮನೆಯಲ್ಲಿ ದುಡಿಯುವ ಕೈ ಇನ್ನೊಂದಿರಲಿಲ್ಲ. ಕಡ್ಡಿಯೇ ಬೇಕರಿಯವನಿಗೆ ಹೇಳಿ ಕೆಲಸ ಕೊಡಿಸಿದ, ಖಾಲಿ ಮೈದಾನದಲ್ಲಿ ಬೈಕು ಕಲಿಸಿದ. ಬಿದ್ದಳು, ಮೊಣಕಾಲು ಕೆತ್ತಿಕೊಂಡಳು, ಕಲಿತಳು.

ಹೊಸದರಲ್ಲೇ ಒಂದು ದಿನ ನಡುದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾಯಿತು. ಗಾಡಿ ತಳ್ಳಿಕೊಂಡು ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ಏದುಸಿರು ಬಂದಿತ್ತು. ಸುದ್ದಿ ಕೇಳಿ ಕಡ್ಡಿ ಹೊಸ ಕೇಬಲ್ ಹಿಡಿದು ಬಂದ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬೈಕಿಗೆ ಕೈ ಹಾಕಿದ್ದನೋ ಇಲ್ಲವೋ, ಒಳಗೆ ಮಂಚದ ಮೇಲಿಂದ "ಅಲ್ಲ! ಅಲ್ಲ!" ಎಂಬ ಕೂಗು. ಹೋಗಿ ನೋಡಿದರೆ ಗಂಡ ಎಡಗೈಯನ್ನು ಗೋಡೆಗೆ ಗುದ್ದುತ್ತಿದ್ದ.

ಕಡ್ಡಿಯ ಮುಖ ಸಪ್ಪಗಾಯಿತು. "ನಾನು ಮುಟ್ಟೋದು ಅಣ್ಣನಿಗೆ ಇಷ್ಟ ಇಲ್ಲ ಅತ್ತಿಗೆ. ಅವನ ಬೈಕಿನ ರಿಪೇರಿಗೆ ಯಾವತ್ತೂ ಬೇರೆಯವರ ಕೈ ಬಿದ್ದಿಲ್ಲ." ಕೇಬಲ್ಲನ್ನು ಕಟ್ಟೆಯ ಮೇಲಿಟ್ಟು ಹೋದ.

ಗಂಡನ ಎಡಗೈ ಮಾತ್ರ ಅಂಗಳದ ಕಡೆಗೇ ಚಾಚಿತ್ತು. ಅವಳೂ ಅತ್ತೆಯೂ ಸೇರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಅಂಗಳಕ್ಕೆ ತಂದರು. ಕುರ್ಚಿಯಲ್ಲಿ ಒಂದು ಕಡೆಗೆ ವಾಲಿಕೊಂಡೇ ಅವನು ಎಡಗೈಯಿಂದ ತೋರಿಸಿದ. ಮೊದಲು ಹ್ಯಾಂಡಲ್ ಹತ್ತಿರ ತಿರುಪನ್ನು ಕದಲದಂತೆ ಹಿಡಿದಿರುವ ಲಾಕ್ ನಟ್ಟು ಸಡಿಲಿಸು. ಲಿವರಿನ ಸಂದಿಯಿಂದ ಕೇಬಲ್ಲಿನ ಗುಂಡು ತಲೆ ಹೊರಗೆ ಜಾರಿಸು. ಆಮೇಲೆ ಕೆಳಗೆ, ಇಂಜಿನ್ನಿನ ತುದಿ. ಅವಳು ತಪ್ಪು ಮಾಡಿದರೆ "ಅಲ್ಲ", ಸರಿ ಮಾಡಿದರೆ ಸುಮ್ಮನೆ. ಹಳೇ ಕೇಬಲ್ ಹೋಗಿದ್ದ ದಾರಿಯಲ್ಲೇ ಹೊಸದೂ ಹೋಗಬೇಕು, ಎಲ್ಲೂ ಮುರುಟಬಾರದು ಎಂಬುದನ್ನು ಅವನು ಗಾಳಿಯಲ್ಲಿ ಗೆರೆ ಎಳೆದು ಎಳೆದು ತಿಳಿಸಿದ. ಕೊನೆಗೆ ಲಿವರಿಗೆ ಚೂರೇ ಚೂರು ಸಡಿಲ ಇಟ್ಟು ನಟ್ಟು ಬಿಗಿಯಬೇಕಿತ್ತು. ಅವಳು ಕಲ್ಲಿನಂತೆ ಬಿಗಿದಳು. ಅವನು ತನ್ನ ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ, ಅದರ ಜೋತುಬಿದ್ದ ಬೆರಳನ್ನು ಚೂರು ಅಲ್ಲಾಡಿಸಿ ತೋರಿಸಿದ. ಇಷ್ಟು ಸಡಿಲ. ಅವಳು ತಲೆ ಎತ್ತದೆ ನಟ್ಟನ್ನು ಚೂರು ಸಡಿಲಿಸಿದಳು. ಅವನು ಮಾತ್ರ ಆಗ ನಗುತ್ತಿದ್ದ, ಬಾಯಿಯ ಒಂದೇ ಕಡೆಯಿಂದ.

ಅಲ್ಲಿಂದ ಮುಂದೆ ಆ ಮನೆಗೆ ಜೀವ ಬಂದದ್ದು ಬೈಕು ಕೆಟ್ಟಾಗ ಮಾತ್ರ. ಪ್ಲಗ್ಗಿಗೆ ಮಸಿ ಕಟ್ಟಿದರೆ ಅವನಿಗೆ ನಾಲಿಗೆ ಮರಳಿದಂತೆ. ಚೈನು ಜೋತುಬಿದ್ದರೆ ಮೈ ಒರೆಸಿಕೊಂಡು, ತಲೆ ಬಾಚಿಸಿಕೊಂಡು ಕುರ್ಚಿಗೆ ತಯಾರು. "ಮದುವೆಗೆ ಹೊರಟವನ ಹಾಗೆ ಆಡ್ತಾನೆ ನೋಡು," ಎನ್ನುತ್ತಿದ್ದಳು ಅತ್ತೆ. ಗಾಡಿ ಸರಿಯಿದ್ದ ದಿನಗಳಲ್ಲಿ ಅವನು ಸೂರು ನೋಡುತ್ತಾ ಮಲಗಿರುತ್ತಿದ್ದ. ಊಟಕ್ಕೂ ಬಾಯಿ ತೆರೆಯುತ್ತಿರಲಿಲ್ಲ.

ಆದರೆ ಕೈಗೆ ಹತ್ತಿದ ವಿದ್ಯೆ ಸುಮ್ಮನೆ ಕೂರುತ್ತದೆಯೇ? ಅವನಿಗೆ ಜ್ವರ ಬಂದು ಮಂಪರಿನಲ್ಲಿದ್ದ ಒಂದು ದಿನ ಹಿಂದಿನ ಬ್ರೇಕು ಕಿರುಗುಟ್ಟತೊಡಗಿತು, ಹಿಡಿಯಲೂ ಇಲ್ಲ. ಬೆಳಗಾದರೆ ಬ್ರೆಡ್ಡು ಹಾಕಲೇಬೇಕು. ಅವಳೇ ಅಂಗಳದಲ್ಲಿ ಕೂತಳು. ಚಕ್ರದ ನಟ್ಟು ಬಿಚ್ಚಿ, ಆಕ್ಸಲ್ ಎಳೆದು, ಚಕ್ರ ಹೊರಗೆ ತೆಗೆದಳು. ಸವೆದು ಕಾಗದದಂತಾಗಿದ್ದ ಬ್ರೇಕ್ ಶೂಗಳನ್ನು ಕಿತ್ತು, ಒಳಗಿನ ಮಸಿ ಒರೆಸಿ, ಅಂಗಡಿಯಿಂದ ತಂದಿದ್ದ ಹೊಸವನ್ನು ಸ್ಪ್ರಿಂಗಿನ ಸಮೇತ ಮಡಿಚಿ ಕೂರಿಸಿದಳು. ಸ್ಪ್ರಿಂಗು ಸಿಡಿದು ಹೆಬ್ಬೆರಳ ಉಗುರು ಕಪ್ಪಾಯಿತು. ಆದರೂ ಚಕ್ರ ಹಾಕಿ ತಿರುಗಿಸಿದಾಗ ಅದು ಸದ್ದಿಲ್ಲದೆ ತಿರುಗಿತು. ಪೆಡಲ್ ಒತ್ತಿದಳು, ಕಚ್ಚಿ ನಿಂತಿತು. ಅವಳಿಗೆ ಹೇಳಿಕೊಳ್ಳದೆ ಇರಲಾಗಲಿಲ್ಲ.

ಜ್ವರ ಬಿಟ್ಟ ದಿನ ಗಂಡನನ್ನು ಕುರ್ಚಿಯಲ್ಲಿ ಹೊರಗೆ ತಂದು, "ನೋಡ್ರೀ, ನಾನೇ ಹಾಕಿದ್ದು. ಒಬ್ಬಳೇ," ಎಂದಳು.

ಅವನು ಚಕ್ರವನ್ನು ಎಡಗೈಯಿಂದ ತಿರುಗಿಸಿದ. ಪೆಡಲನ್ನು ಒತ್ತಿಸಿದ. ಮತ್ತೆ ತಿರುಗಿಸಿದ, ಕಿವಿ ಕೊಟ್ಟು ಕೇಳಿದ. ತಪ್ಪು ಹುಡುಕುತ್ತಿದ್ದಾನೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ಸಿಗಲಿಲ್ಲ. ಅವನು ಅವಳ ಮುಖ ನೋಡಿ ತಲೆಯಾಡಿಸಿದ, ಮನೆಯ ಬಾಗಿಲಿನ ಕಡೆ ಕೈ ತೋರಿಸಿದ. ಆ ಸಂಜೆ ಅತ್ತೆ ಎಷ್ಟು ಗೋಗರೆದರೂ ಗಂಜಿ ಮುಟ್ಟಲಿಲ್ಲ.

ಅದಾದ ಮೇಲೆ ಗಾಡಿ ಕೆಟ್ಟರೂ ಅವನು ಹೊರಗೆ ಬರಲೊಲ್ಲ. "ನಿಮಗಿಂತ ಚೆನ್ನಾಗಿ ನನಗೆ ಬರುತ್ತೇನ್ರೀ? ಬಂದು ಒಂದು ಸಲ ನೋಡಿ," ಎಂದು ಅವಳು ಕರೆದರೆ ಗೋಡೆಯ ಕಡೆ ಹೊರಳುತ್ತಿದ್ದ. ಮೈ ಇಳಿಯುತ್ತಾ ಬಂತು. ಕುತ್ತಿಗೆಯ ಮೂಳೆ ಎದ್ದು ಕಂಡಿತು. ಅತ್ತೆ ಸೊಸೆಯನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಅವನಿಗೆ ಒಂದು ಕೆಲಸ ಇತ್ತು," ಎಂದಳು ಅಷ್ಟೆ.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಬೇಕರಿಯಿಂದ ಬರುವ ದಾರಿಯಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಿ, ಕ್ಲಚ್ಚಿನ ಲಾಕ್ ನಟ್ಟು ಸಡಿಲಿಸಿ, ಕೇಬಲ್ಲು ಜೋಲುವಂತೆ ತಿರುಪು ತಿರುಗಿಸಿ, ನಟ್ಟನ್ನು ಮತ್ತೆ ಬಿಗಿದಳು. ಗೇರು ಹಾಕಿದರೆ ಗರಗರ ಹಲ್ಲು ಕಡಿಯುವ ಸದ್ದು. ಆ ಸದ್ದಿನ ಸಮೇತ ಮನೆಗೆ ಬಂದು ಗಂಡನ ಮಂಚದ ಬಳಿ ನಿಂತಳು.

"ಏನು ಮಾಡಿದರೂ ಸರಿಹೋಗ್ತಾ ಇಲ್ಲ ಕಣ್ರೀ. ನನ್ನ ಕೈಲಿ ಆಗಲ್ಲ. ನೀವೇ ಬರಬೇಕು."

ಅವನು ಗೋಡೆಯಿಂದ ಈಚೆ ಹೊರಳಿದ. ಆಮೇಲೆ ಕೈ ಚಾಚಿದ, ಎತ್ತು ಎಂದು. ಅತ್ತೆ ಓಡಿಬಂದು ತಲೆ ಬಾಚಿದಳು.

ಅಂಗಳದಲ್ಲಿ ಅವನು ಲಿವರ್ ಹಿಡಿದು ನೋಡಿದ. ಕೇಬಲ್ಲಿನ ಉದ್ದಕ್ಕೂ ಬೆರಳು ಆಡಿಸಿದ. ಆಮೇಲೆ ಲಾಕ್ ನಟ್ಟಿಗೆ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು. ಅಲುಗಾಡಿಸಿದ, ಅಲುಗಲಿಲ್ಲ. ಗಾಡಿಯ ಅದುರಾಟಕ್ಕೆ ಸಡಿಲವಾದ ನಟ್ಟು ಸಡಿಲವಾಗಿಯೇ ಇರುತ್ತದೆ, ತನ್ನಷ್ಟಕ್ಕೆ ತಾನು ಮತ್ತೆ ಬಿಗಿಯುವುದಿಲ್ಲ. ಯಾರೋ ಬಿಚ್ಚಿ, ತಿರುಗಿಸಿ, ಜೋಪಾನವಾಗಿ ಬಿಗಿದಿದ್ದಾರೆ. ಇದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬಿಗಿಯಾದ ಆ ನಟ್ಟಿನ ಮೇಲೆ ಅವನ ಬೆರಳು ನಿಂತದ್ದು ನೋಡಿಯೇ ಅವಳಿಗೆ ಗೊತ್ತಾಯಿತು.

"ನಾನು... ನೀವು ಊಟ ಮಾಡ್ತಾ ಇರಲಿಲ್ಲ ಅಂತ," ಎಂದಳು.

ಅವನು ಸಿಟ್ಟಾಗಲಿಲ್ಲ. ಕಣ್ಣು ತುಂಬಿಕೊಂಡವು, ಒರೆಸಿಕೊಳ್ಳಲಿಲ್ಲ. ತೊಡೆಯ ಮೇಲಿದ್ದ ಸ್ಪ್ಯಾನರನ್ನು ಎತ್ತಿ ಅವಳ ಮಡಿಲಿಗೆ ಹಾಕಿದ. ಅವಳು ಅವನ ಕಣ್ಣೆದುರೇ ತಿರುಪು ಸರಿಮಾಡಿ, ಲಿವರಿಗೆ ಚೂರು ಸಡಿಲ ಇಟ್ಟು, ನಟ್ಟು ಬಿಗಿದಳು. ಒಂದು ಸಲವೂ ಅವನು ಬಾಯಿ ತೆರೆಯಲಿಲ್ಲ, ಅಲ್ಲ ಎಂದು ಹೇಳಲಿಕ್ಕೂ.

ಚಳಿಗಾಲ ಕಳೆಯುವ ಮುಂಚೆ ಅವನು ಹೋದ. ಎರಡನೇ ಸಲ ಲಕ್ವ ಹೊಡೆಯಿತು, ಮೊದಲೇ ಹೀಗಾದವರಿಗೆ ಇದು ಇದ್ದದ್ದೇ ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು, ಆದರೆ ನಂಬಲಿಲ್ಲ.

ಒಂದು ದಿನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಕಡ್ಡಿಯನ್ನು ಕೇಳಿಯೇಬಿಟ್ಟಳು. ಬ್ರೇಕ್ ಶೂವಿನಿಂದ ಹಿಡಿದು ಕ್ಲಚ್ಚಿನವರೆಗೆ ಎಲ್ಲವನ್ನೂ ಹೇಳಿ, "ನಾನು ಕಲಿಯಬಾರದಿತ್ತಾ?" ಎಂದಳು.

ಕಡ್ಡಿ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. ಒರೆಸಲು ಏನೂ ಉಳಿಯದಿದ್ದರೂ ಒರೆಸಿದ.

"ಕಲಿಯದೆ ಮನೆ ಹೇಗೆ ನಡೀತಿತ್ತು ಅತ್ತಿಗೆ? ಆದರೆ ಅಣ್ಣನಿಗೆ ಏನನ್ನಿಸ್ತೋ ನನಗೆ ಗೊತ್ತಿಲ್ಲ. ಗೊತ್ತು ಅಂತ ಹೇಳಿದರೆ ಸುಳ್ಳಾಗುತ್ತೆ," ಎಂದ. ಬಟ್ಟೆ ಕೆಳಗಿಟ್ಟು, "ಮಧ್ಯಾಹ್ನ ಪುರುಸೊತ್ತಿದ್ದರೆ ಬನ್ನಿ. ಕೇಬಲ್ಲು, ಪ್ಲಗ್ಗು, ಬ್ರೇಕು ನೀವು ನೋಡಿಕೊಳ್ಳಿ. ನನಗೆ ಒಬ್ಬನಿಗೇ ಇಲ್ಲಿ ಕೂರೋಕೆ ಆಗ್ತಾ ಇಲ್ಲ," ಎಂದ.

ಅವಳು ಹೋಗತೊಡಗಿದಳು. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಶೆಡ್ಡು. ಬಂದವರು ಮೊದಲು ಹೆಂಗಸು ಎಂದು ಹಿಂದುಮುಂದು ನೋಡಿದರು, ಆಮೇಲೆ ರೂಢಿಯಾಯಿತು. ಕೆಲಸ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಅವಳಿಗೆ ಮುಖ ತಗ್ಗಿಸುವಂತಾಗುತ್ತಿತ್ತು. ನಾಚಿಕೆ ಎಂದುಕೊಂಡು ಅವರು ಹೊರಟುಹೋಗುತ್ತಿದ್ದರು.

ಮುಸ್ಸಂಜೆ ಮನೆಗೆ ಬಂದರೆ ಅತ್ತೆ ಟೀ ಕಾಯಿಸಿ ಇಟ್ಟಿರುತ್ತಾಳೆ. ದೀಪ ಹಾಕಿರುವುದಿಲ್ಲ. ಹಾಕು ಎಂದು ಇವಳೂ ಹೇಳುವುದಿಲ್ಲ. ಇಬ್ಬರೂ ಖಾಲಿ ಮಂಚದ ಅಂಚಿನಲ್ಲಿ ಕೂತು, ಲೋಟ ತಣ್ಣಗಾಗುವವರೆಗೂ ಹಿಡಿದುಕೊಂಡಿರುತ್ತಾರೆ.